ಐದನೆಯ ಚುಕ್ಕಿ

ಚುಕ್ಕಿ ಇರುವುದೆಲ್ಲ ಉಪಜಾತಿಯಲ್ಲ ಎಂದು ಗಾದೆಯೇ ಇದೆ. ಗಾದೆ ಸುಳ್ಳಾದರೂ ಈ ಕತೆ ಅಪ್ಪಟ ನಿಜ. ಒಂದೇ ಜಾತಿಯ ಕಾಡುಚಿಟ್ಟೆಗೆ ಉತ್ತರದಲ್ಲಿ ತಪ್ಪದೆ ನಾಲ್ಕು ಚುಕ್ಕಿ, ದಕ್ಷಿಣದಲ್ಲಿ ಐದು, ಆದ್ದರಿಂದ ಅವು ಎರಡು ಉಪಜಾತಿ ಎಂದು ಸಾಧಿಸಲು ಸಂಗ್ರಹಾಲಯದ ಪಂಡಿತ ಮೂರು ವರ್ಷ ಹೆಣಗಿದ್ದ. ಕೊನೆಯ ಪೆಟ್ಟಿಗೆಯಲ್ಲಿ ಉತ್ತರದ ಚಿಟ್ಟೆಯೊಂದು ಐದು ಚುಕ್ಕಿ ಹೊತ್ತು ಕೂತಿತ್ತು.

"ಥೂ! ಹೊಳೇಲಿ ಹುಣಸೇಹಣ್ಣು ಕಿವುಚಿದಂಗಾಯ್ತು!" ಎಂದು ಅವನು ಪ್ರಬಂಧವನ್ನೇ ಕಸದಬುಟ್ಟಿಗೆ ಎಸೆದ.

ಪಕ್ಕದ ಮೇಜಿನ ಜೀರುಂಡೆ ತಜ್ಞೆ ಸಂಗ್ರಹಾಲಯದ ನಿರ್ದೇಶಕರ ಗೊಗ್ಗರು ದನಿಯನ್ನು ಅಣಕಿಸುತ್ತ, "ಪಂಡಿತರೇ, ಲೆನ್ಸ್ ಹಿಡಿದು ನೋಡ್ರೀ," ಎಂದಳು.

ನೋಡಿದ. ನಾಲ್ಕು ಚುಕ್ಕಿಗಳಲ್ಲಿ ರೆಕ್ಕೆಯ ಹುಡಿ ಮಿನುಗುತ್ತಿತ್ತು. ಐದನೆಯದು ಬರೀ ಇಂಕು.

"ಹೆಂಗೂ ಬಿಸಾಕೋ ಚಿಟ್ಟೆ ಅಂತ ಆ ಚುಕ್ಕಿ ನಾನೇ ಇಟ್ಟೆ ಕಣೋ!" ಎಂದು ಅವಳು ತನ್ನ ದನಿಯಲ್ಲೇ ಹೇಳಿ ನಕ್ಕಳು.

ಬೈಯಲು ತೆರೆದ ಅವನ ಬಾಯಿಂದ ನಗು ಉಕ್ಕಿತು. ಬುಟ್ಟಿಯೊಳಗೆ ಕೈಹಾಕಿ ಹಾಳೆ ಹೆಕ್ಕುತ್ತ, ಅವಳಿಗಿಂತ ಜೋರಾಗಿ ಅವನೇ ನಕ್ಕ.