ಗಂಜಿ ಹಾಕಿದ ಬಾವುಟ

ತಮಿಳುನಾಡಿನ ಸಿರುಮುಗೈಯಲ್ಲಿ, ಮನೆಮಾತು ಕನ್ನಡವಾದ ನೇಕಾರರ ಬೀದಿಯಲ್ಲಿ ಪಾಪಾತಿಯ ಗಂಜಿಗೆ ಇದ್ದ ಹೆಸರು ಅವಳ ಗಂಡ ನೇಯ್ದ ಸೀರೆಗೂ ಇರಲಿಲ್ಲ. ಬೆಳಗಿನ ಜಾವ ಬೀದಿಯುದ್ದಕ್ಕೂ ಹತ್ತಿಯ ಪಾವು, ಅಂದರೆ ಮಗ್ಗಕ್ಕೇರಿಸುವ ಉದ್ದನೆಯ ಹಾಸುನೂಲು, ಹರಡಿ ಅದಕ್ಕೆ ಗಂಜಿ ಬಳಿಯುವ ಹೊತ್ತಿಗೆ ಅಕ್ಕಪಕ್ಕದವರೆಲ್ಲ ಅವಳನ್ನೇ ಕೂಗುತ್ತಿದ್ದರು. ಎಷ್ಟು ಅಕ್ಕಿ, ಎಷ್ಟು ಕುದಿ, ಕೊನೆಗೆ ಎಷ್ಟು ಹನಿ ಕೊಬ್ಬರಿ ಎಣ್ಣೆ, ಎಲ್ಲ ಅವಳ ಬೆರಳಿಗೇ ಗೊತ್ತು. ಬೇರೆಯವರು ಬಳಿದ ನೂಲನ್ನು ಮುಟ್ಟಿ, ಹಿಸುಕಿ, ಎಳೆದು ನೋಡುತ್ತಿದ್ದ ಜನ ಪಾಪಾತಿ ಬಳಿದದ್ದನ್ನು ನೋಡುತ್ತಲೇ ಇರಲಿಲ್ಲ. ಅವಳ ಕೈ ಅಂದರೆ ಮುಗಿಯಿತು. ಈ ಹೆಮ್ಮೆ ಅವಳಿಗೂ ಒಂದು ಹಿಡಿ ಹೆಚ್ಚೇ ಇತ್ತೆನ್ನಿ. ಗಂಜಿ ಕಾಣದ ಬಟ್ಟೆ ಆ ಮನೆಯಲ್ಲಿರಲಿಲ್ಲ. ಗಂಡ ಚೆನ್ನಿಯಪ್ಪನ್‌ನ ಪಂಚೆ ಬಿಚ್ಚಿಟ್ಟರೆ ತಾನೇ ನಿಂತಿರುತ್ತದೆ ಎಂದು ಬೀದಿಯವರು ನಗುತ್ತಿದ್ದರು.

ಎಂಬತ್ತಾರನೆಯ ಇಸವಿ, ಆಗಸ್ಟ್ ಹದಿಮೂರು. ಬೀದಿಯ ತುದಿಯ ಶಾಲೆಯ ಹೆಡ್‌ಮಾಸ್ಟರ್ ವೆಲ್ಲಿಂಗಿರಿ ಅವಳ ಮನೆ ಬಾಗಿಲಿಗೇ ಬಂದರು. ಕೈಯಲ್ಲಿ ಶಾಲೆಯ ಖಾದಿ ಬಾವುಟ. ಪೆಟ್ಟಿಗೆಯಲ್ಲೇ ಇದ್ದು ಧೂಳು ಹಿಡಿದಿತ್ತು, ಹಸಿರು ಪಟ್ಟಿಯ ಅಂಚು ಬೇರೆ ಬಿಚ್ಚಿತ್ತು. ಅವರು ತಮಿಳಿನಲ್ಲಿ ನಿಧಾನವಾಗಿ ಹೇಳಿದರು: "ಅಮ್ಮಾ, ಬರೀ ತಣ್ಣೀರಲ್ಲಿ ಅದ್ದಿ ತೆಗೀರಿ. ನೆರಳಲ್ಲಿ ಒಣಗಿಸಿ, ನೆಲಕ್ಕೆ ತಾಗಬಾರದು. ಅಂಚು ಹೊಲಿದು ಕೊಡಿ ಸಾಕು. ಬೇರೇನೂ ಮಾಡಬೇಡಿ."

ಬೇರೇನೂ ಮಾಡಬೇಡಿ ಎಂದದ್ದನ್ನು ಅವಳ ಕಿವಿ ಕೇಳಿತು, ಕೈ ಕೇಳಲಿಲ್ಲ.

ಮೊದಲ ದಿನ ಎಲ್ಲ ಸರಿಯಾಗಿಯೇ ನಡೆಯಿತು. ಹೊಸ ಬಿಂದಿಗೆಯ ನೀರಲ್ಲಿ ಅದ್ದಿದಳು. ಮನೆಯೊಳಗೆ ಹಗ್ಗ ಕಟ್ಟಿ ಹರವಿದಳು, ಅದರ ಕೆಳಗೆ ಯಾರನ್ನೂ ಓಡಾಡಗೊಡಲಿಲ್ಲ. ಹೊಲಿಗೆ ಎಲ್ಲಿದೆ ಎಂದು ಹುಡುಕಿದರೂ ಸಿಗದ ಹಾಗೆ ಅಂಚು ಹೊಲಿದಳು. ಅಲ್ಲಿಗೆ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಮುಟ್ಟಿ ನೋಡಿದಳು. ಹಳೆಯ ಖಾದಿ, ಮೆತ್ತಗೆ ಜೋತುಬಿದ್ದಿತ್ತು.

"ಅಯ್ಯೋ, ಒರೆಸೋ ಬಟ್ಟೆ ಆಗೋಯ್ತಲ್ಲ! ಪಂಚಾಯ್ತಿ ಪ್ರೆಸಿಡೆಂಟು ಏರಿಸೋ ಬಾವುಟ, ನನ್ ಕೈಯಿಂದ ಹಿಂಗೆ ಹೋಗೋದಾ?"

"ಸಾರ್ ಏನೂ ಬೇಡ ಅಂದ್ರಲ್ಲ" ಎಂದ ಚೆನ್ನಿಯಪ್ಪನ್ ಮಗ್ಗದ ಕುಳಿಯಿಂದಲೇ.

"ಬೋರ್ಡ್ ಮೇಲೆ ಬರೆಯೋರಿಗೆ ಬಟ್ಟೆ ಸಂಗ್ತಿ ಏನ್ ಗೊತ್ತು? ನೀವು ಸುಮ್ನೆ ನೇಯಿರಿ."

ಗಂಜಿ ಕಾಯಿಸಿದಳು, ಒಂದು ಪಾವಿಗೆ ಹಾಕುವಷ್ಟು ಗಟ್ಟಿ. ಅವತ್ತು ಮಧ್ಯಾಹ್ನದಿಂದ ತುಂತುರು ಹಿಡಿಯಿತು. ಸಂಜೆಗೆ ಬಾವುಟ ಮೇಲ್ಮೇಲೆ ಒಣಗಿತ್ತು, ಒಳಗೆ ತೇವವಿತ್ತು. ಅದನ್ನೇ ಚಕ್ರ ಮೇಲೆ ಬರುವಂತೆ ಅಚ್ಚುಕಟ್ಟಾಗಿ ಮಡಿಸಿ, ಮಡಿಕೆ ಕೂರಲೆಂದು ಟ್ರಂಕಿನ ಕೆಳಗಿಟ್ಟಳು. ಹದಿನೈದರ ಬೆಳಿಗ್ಗೆ ಕೈಗೆ ತೆಗೆದುಕೊಂಡಾಗ ಹಲಗೆಯಂತೆ ಸೆಟೆದಿತ್ತು. ಅವಳಿಗೆ ಖುಷಿಯೋ ಖುಷಿ.

ಬಾವುಟ ಒಯ್ಯಲು ಬಂದವನು ಮಯಿಲ್‌ಸಾಮಿ, ಅದೇ ಬೀದಿಯವನು, ಶಾಲೆಯ ಕಾವಲುಗಾರ. ವರ್ಷವಿಡೀ ಅವನದು ಕಸ ಗುಡಿಸುವುದು, ಗಂಟೆ ಬಾರಿಸುವುದು. ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು, ಈ ಎರಡು ದಿನ ಮಾತ್ರ ಬೆಳಗಾಗುವ ಮೊದಲೇ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಬಾವುಟದೊಳಗೆ ಹೂವಿಟ್ಟು ಕಂಬಕ್ಕೆ ಕಟ್ಟುತ್ತಿದ್ದ. ಹನ್ನೊಂದು ವರ್ಷದಲ್ಲಿ ಅವನ ಗಂಟು ಒಂದೇ ಎಳೆತಕ್ಕೆ ಬಿಚ್ಚದೆ ಇದ್ದದ್ದಿಲ್ಲ. ಅವತ್ತು ಹೂವಿಡಲು ಮೇಲಿನ ಮಡಿಕೆಯನ್ನಷ್ಟೇ ಸರಿಸಿ, ಪಾಪಾತಿ ಅಕ್ಕನ ಕೈ ತಾನೇ ಎಂದು ಉಳಿದದ್ದನ್ನು ನೋಡದೆ ಕಟ್ಟಿದ.

ಪ್ರೆಸಿಡೆಂಟರು ಹಗ್ಗ ಎಳೆದರು. ನಾಲ್ಕು ಎಸಳು ಉದುರಿದವು. ಬಾವುಟ ಬಿಚ್ಚಲಿಲ್ಲ.

ಮಕ್ಕಳು ಕೈಯೆತ್ತಿ ಸೆಲ್ಯೂಟ್ ಹೊಡೆದಾಗಿತ್ತು. ಹಾಡು ಶುರುವಾಗಿ ನಡುವೆಯೇ ನಿಂತಿತು. ಪ್ರೆಸಿಡೆಂಟರು ಮತ್ತೆ ಎಳೆದರು, ಜಗ್ಗಿದರು. ಕಂಬದ ತುದಿಯಲ್ಲಿ ಬಾವುಟ ಪೊಟ್ಟಣದ ಹಾಗೆಯೇ ಕೂತಿತ್ತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಹೆಡ್‌ಮಾಸ್ಟರ ಮುಖ ಕೆಂಪೇರಿತು.

"ಮಯಿಲ್‌ಸಾಮಿ! ಎಂಥ ಗಂಟೋ ಇದು? ಇಷ್ಟು ವರ್ಷ ಏನು ಕಲಿತೆ? ಊರ ಮುಂದೆ ಬಾವುಟಕ್ಕೆ ಅವಮಾನ ಮಾಡಿದೆಯಲ್ಲ!"

ಮಯಿಲ್‌ಸಾಮಿ ಬಾವುಟ ಇಳಿಸಿ, ನೆಲಕ್ಕೆ ತಾಗದಂತೆ ಎರಡೂ ಕೈಗಳಲ್ಲಿ ಹಿಡಿದ. ಜನರಿಗೆ ಬೆನ್ನು ಮಾಡಿ ಮಡಿಕೆಗಳನ್ನು ಒಂದೊಂದೇ ಕಿತ್ತು ಬಿಡಿಸಿದ. ಚರ್ ಚರ್ ಎಂದು ಸದ್ದಾಯಿತು. ಒಂದು ಗಳಿಗೆ ಕೈ ನಿಲ್ಲಿಸಿ ಹೆಂಗಸರ ಸಾಲಿನತ್ತ ತಿರುಗಿದ. ಆಮೇಲೆ ತಲೆತಗ್ಗಿಸಿ, "ತಪ್ಪಾಯ್ತು ಸಾರ್" ಎಂದ.

ಪಾಪಾತಿ ಹತ್ತೇ ಹೆಜ್ಜೆ ದೂರದಲ್ಲಿದ್ದಳು. ಆ ಸದ್ದು ಅವಳಿಗೆ ಗೊತ್ತಿಲ್ಲದ್ದೇ? 'ಸಾರ್, ಅದು ನನ್ನ ಗಂಜಿ' ಅಂದರೆ ಮುಗಿಯುತ್ತಿತ್ತು. ಬೀದಿಯ ಹೆಂಗಸರೆಲ್ಲ ಸುತ್ತ ನಿಂತಿದ್ದಾರೆ, ನಾಳೆಯಿಂದ ಯಾರು ತನ್ನನ್ನು ಪಾವಿಗೆ ಕರೆಯುತ್ತಾರೆ? ಛೀ, ಎಂಥ ಹೆಂಗಸು ನಾನು ಅಂದುಕೊಂಡಳು, ಆದರೂ ಬಾಯಿ ಬಿಡಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಸಂಜೆ ಬಾವುಟ ಇಳಿಸಿದ ಮೇಲೆ ಹೆಡ್‌ಮಾಸ್ಟರು ಎಲ್ಲರೆದುರು ಹೇಳಿದರು: "ಇನ್ನು ಮಯಿಲ್‌ಸಾಮಿ ಇದನ್ನು ಮುಟ್ಟುವುದು ಬೇಡ. ಪಾಪಾತಿಯಮ್ಮನ ಮನೆಯಲ್ಲೇ ಇರಲಿ. ಆ ಅಂಚು ಎಷ್ಟು ಚೆನ್ನಾಗಿ ಹೊಲಿದಿದ್ದಾರೆ ನೋಡಿ." ಅವಳು ಕೈಚಾಚಿ ತೆಗೆದುಕೊಂಡಳು.

ಬಾವುಟ ಅವಳ ಟ್ರಂಕಿನಲ್ಲಿ ಮದುವೆ ಸೀರೆಯ ಮೇಲೆ ಕೂತಿತು. ಆ ಟ್ರಂಕನ್ನು ತೆರೆಯಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ. ಗಂಜಿ ಕುದಿಯುವಾಗ ಒಲೆಯ ಮುಂದೆ ನಿಲ್ಲುತ್ತಿರಲಿಲ್ಲ. ಮಯಿಲ್‌ಸಾಮಿ ದಿನವೂ ಕಂಬದ ಸುತ್ತ ಗುಡಿಸಿ, ಮನೆಗೆ ಹೋಗುತ್ತಾ ಎಂದಿನಂತೆ "ಊಟ ಆಯ್ತಾ ಅಕ್ಕಾ?" ಎಂದು ಕೇಳುತ್ತಿದ್ದ. ಅವನು ಬೈದಿದ್ದರೆ ಎಷ್ಟೋ ಮೇಲಿತ್ತು. "ಹೇಳ್ಬಿಡೇ" ಎಂದು ಚೆನ್ನಿಯಪ್ಪನ್ ಎಷ್ಟೋ ಸಲ ಹೇಳಿದ. ನಾಳೆ ಹೇಳ್ತೀನಿ ಎನ್ನುತ್ತಲೇ ದೀಪಾವಳಿ ಹೋಯಿತು, ಪೊಂಗಲ್ ಹೋಯಿತು.

ಜನವರಿ ಇಪ್ಪತ್ತೈದರಂದು ಬಾವುಟವನ್ನು ಮೂರು ಸಲ ಬರೀ ನೀರಲ್ಲಿ ಅದ್ದಿ, ಒಣಗಿಸಿ, ಅದನ್ನು ಎದೆಗವಚಿಕೊಂಡು ಮಯಿಲ್‌ಸಾಮಿಯ ಮನೆಗೆ ಹೋದಳು. ಅವನು ಜಗಲಿಯ ಮೇಲೆ ಕೂತಿದ್ದ.

"ಮಯಿಲ್‌ಸಾಮಿ, ಅವತ್ತು ತಪ್ಪು ನಿನ್ ಗಂಟಿಂದಲ್ಲ ಕಣಪ್ಪ. ನಾನು ಗಂಜಿ..."

"ಗೊತ್ತು ಅಕ್ಕಾ. ಅವತ್ತೇ ಗೊತ್ತಾಯ್ತು. ನಿಮ್ ಗಂಜಿ ವಾಸ್ನೆ ನಮ್ ಬೀದೀಲಿ ಯಾರಿಗ್ ಗೊತ್ತಿಲ್ಲ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವೇ ಹೇಳ್ತೀರ ಅಂತಿದ್ದೆ" ಎಂದ ಅವನು. "ಸಾಯಂಕಾಲಕ್ಕೆ ಹೇಳ್ತೀರ ಅಂದ್ಕೊಂಡೆ. ಆಮೇಲೆ ದೀಪಾವಳಿಗೆ ಹೇಳ್ತೀರ ಅಂದ್ಕೊಂಡೆ. ಆಮೇಲೆ ಬಿಟ್ಬಿಟ್ಟೆ."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಮನೆಗೆ ಬಂದಳು.

ಮರುದಿನ ಶಾಲೆಯ ಅಂಗಳ ತುಂಬಿತ್ತು. ಪಾಪಾತಿ ಬಾವುಟ ಹಿಡಿದು ಕಂಬದ ಬಳಿ ನಿಂತು, ಇಡೀ ಬೀದಿಗೆ ಕೇಳುವಂತೆ ತಮಿಳಿನಲ್ಲಿ ಹೇಳಿದಳು: "ಸಾರ್, ಅವತ್ತು ನೀವು ಬೇಡ ಅಂದರೂ ನಾನೇ ಗಂಜಿ ಹಾಕಿದ್ದೆ. ಅದಕ್ಕೇ ಬಿಚ್ಚಲಿಲ್ಲ. ಮಯಿಲ್‌ಸಾಮಿ ತಪ್ಪಲ್ಲ. ಐದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ." ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಹೆಡ್‌ಮಾಸ್ಟರು ತಾವೇ ಹೋಗಿ ಮಯಿಲ್‌ಸಾಮಿಯ ಭುಜ ಮುಟ್ಟಿ, "ನೀನೇ ಕಟ್ಟಪ್ಪ" ಎಂದರು.

ಮಯಿಲ್‌ಸಾಮಿ ಕೈತೊಳೆದು ಬಂದು ಅವಳ ಕೈಯಿಂದ ಬಾವುಟ ತೆಗೆದುಕೊಂಡ. ಕಟ್ಟುವ ಮೊದಲು ಅದನ್ನು ಪೂರ್ತಿ ಬಿಡಿಸಿದ. ಹೆಬ್ಬೆರಳಿನಿಂದ ಒಂದೊಂದು ಪಟ್ಟಿಯನ್ನೂ ತೀಡಿದ, ಹಿಸುಕಿದ, ಅಂಚಿನಿಂದ ಅಂಚಿಗೆ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಕೆಲಸವಷ್ಟೇ ಇತ್ತು. ಪಾಪಾತಿಯ ಕೈಯಿಂದ ಬಂದದ್ದನ್ನು ಆ ಬೀದಿಯಲ್ಲಿ ಒಬ್ಬರು ಹೀಗೆ ಮುಟ್ಟಿ ನೋಡಿದ್ದು ಅದೇ ಮೊದಲು. ಇಡೀ ಅಂಗಳ ಕಾಯುತ್ತಿತ್ತು.

"ನೋಡಪ್ಪ, ಚೆನ್ನಾಗಿ ನೋಡ್ಕೊ" ಎಂದಳು ಅವಳು.

ಅವನು ಇನ್ನೊಂದು ಸಲ ನೋಡಿ, ಮಡಿಸಿ, ಹೂವಿಟ್ಟು ಕಟ್ಟಿದ. ಒಂದೇ ಎಳೆತಕ್ಕೆ ಬಾವುಟ ಬಿಚ್ಚಿಕೊಂಡಿತು. ಎಲ್ಲರೂ ಮೇಲೆ ನೋಡಿದರು. ಪಾಪಾತಿ ಕೈಮುಗಿದು, ಕಾಲಿನ ಹತ್ತಿರ ಬಿದ್ದ ಎಸಳುಗಳನ್ನೇ ನೋಡುತ್ತಾ ಹಾಡು ಮುಗಿಯುವ ತನಕ ನಿಂತಿದ್ದಳು.