ತಿಪ್ಪವ್ವನ ಭುಜದ ಮಚ್ಚೆ

ಶಹಾಬಾದಿನ ಆ ಫರಸಿ ಕಲ್ಲಿನ ಖಣಿಯಲ್ಲಿ ಊಟದ ಹೊತ್ತಿಗೆ ಸುಂದರಮ್ಮ ಕಾದಂಬರಿ ಓದಿ ಹೇಳುತ್ತಿದ್ದಳು. ಒಟ್ಟಿದ ಹಾಸುಗಲ್ಲುಗಳ ನೆರಳಿನಲ್ಲಿ ಅವಳು ಕೂತರೆ ಸುತ್ತ ಬುಟ್ಟಿ ಹೊರುವ ಹೆಂಗಸರು, ಅವರ ಬೆನ್ನಿಗೆ ಕಲ್ಲು ಎಬ್ಬಿಸುವ ಗಂಡಸರು. ಚಿತ್ತಾಪುರದಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತು, ಕಲ್ಲು ಒಡೆಯುವ ನಾಮದೇವನನ್ನು ಮದುವೆಯಾಗಿ ಬಂದವಳು ಅವಳು. ಅಷ್ಟು ಜನರಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳೇ.

ಅವರ ಕೂಟಕ್ಕೊಂದು ಕಟ್ಟಳೆ ಇತ್ತು. ಓದಿದ ಮೇಲೆ ಒಂದು ಫೈಸಲಾ ಆಗಲೇಬೇಕು. ಕಥೆ ಕೇಳಿ ಸೆರಗು ಝಾಡಿಸಿಕೊಂಡು ಎದ್ದು ಹೋಗುವಂತಿಲ್ಲ. ಅಂದಿನ ಅಧ್ಯಾಯವನ್ನು ಜಗಿದು ಜಗಿದು, ಕೊನೆಗೆ ತಮ್ಮ ಬದುಕಿನ ಒಂದು ಸಂಗತಿಯನ್ನು ಎಲ್ಲರೂ ಕೂಡಿ ತೀರ್ಮಾನಿಸಬೇಕು. ಜಾತಿಗೊಂದರಂತೆ ಇದ್ದ ನೀರಿನ ಮಡಿಕೆಗಳು ಹಾಗೆ ಒಂದಾಗಿದ್ದವು. ಹೆರಿಗೆಯಾದವಳ ಪಾಲಿನ ಕೆಲಸವನ್ನು ಉಳಿದವರು ಹಂಚಿಕೊಳ್ಳುವುದೂ ಹಾಗೆಯೇ ಶುರುವಾಗಿತ್ತು.

ಈ ಸಲದ ಪುಸ್ತಕವನ್ನು ಸುಂದರಮ್ಮ ವಾಡಿ ಜಂಕ್ಷನ್ನಿನ ಅಂಗಡಿಯಿಂದ ತಂದಿದ್ದಳು. ಹೆಸರು 'ಕೊಡದೊಳಗಿನ ಸೂರ್ಯ'. ಪಾತಾಳದ ರಾಜ ಸೂರ್ಯನನ್ನು ಗಾಜಿನ ಕೊಡದಲ್ಲಿ ಹಾಕಿ ಏಳು ಬಾಗಿಲ ಹಿಂದೆ ಬಚ್ಚಿಟ್ಟಿದ್ದಾನೆ, ಲೋಕವೆಲ್ಲ ಕತ್ತಲು. ತಿಪ್ಪೆಯ ಮೇಲೆ ಸಿಕ್ಕ ಕಾರಣಕ್ಕೆ ತಿಪ್ಪವ್ವ ಎಂದು ಹೆಸರಾದ ಕಲ್ಲು ಒಡೆಯುವ ಹುಡುಗಿ ಅದನ್ನು ತರಲು ಇಳಿಯುತ್ತಾಳೆ. ಏಳನೆಯ ಬಾಗಿಲಲ್ಲಿ ಮೂರು ತಲೆಯ ಭೂತ ಕೇಳುತ್ತದೆ: "ನೀನು ಯಾರ ಮಗಳು?" ತಿಪ್ಪವ್ವ ಹೇಳುತ್ತಾಳೆ: "ಗೊತ್ತಿಲ್ಲ. ಆದರೆ ಈ ಬಾಗಿಲು ಯಾವ ಕಲ್ಲಿನದೆಂದು ಗೊತ್ತು." ಪದರು ನೋಡಿ ಚಾಣ ಇಡುತ್ತಾಳೆ. ಅವಳ ಹಿಂದೆ ಇಳಿದು ಬಂದ ಸಾವಿರ ಜನ ಒಟ್ಟಿಗೆ ಸುತ್ತಿಗೆ ಎತ್ತಿ ಒಂದೇ ಏಟು ಹಾಕುತ್ತಾರೆ. ಬಾಗಿಲು ಬಿರಿಯುತ್ತದೆ.

ಅದನ್ನು ಓದಿದ್ದು ಒಂದು ಶನಿವಾರ. ಎಲ್ಲರಿಗಿಂತ ಹಿರಿಯಳು, ಬಾಯಿಗೆ ಬೀಗವಿಲ್ಲದ ಸೈದಾನಬಿ ಮೊದಲು ಬಾಯಿ ಬಿಟ್ಟಳು.

"ನಮ್ಮ ತೆಲಿ ಮ್ಯಾಲ ಜೋತಾಡಲಿಕತ್ತದಲ್ಲ, ಅದರ ಮಾತು ಆಡ್ರಿ ಈಗ."

ಎಲ್ಲರಿಗೂ ಗೊತ್ತಿದ್ದ ಮಾತು. ಖಣಿಯ ಬಡಗಣ ಗೋಡೆಯಲ್ಲಿ ಕೆಳಗಿನ ಕಲ್ಲು ತೆಗೆಸುತ್ತ ತೆಗೆಸುತ್ತ, ಮೇಲಿನ ಪದರು ಆಧಾರವಿಲ್ಲದೆ ಹೊರಕ್ಕೆ ಚಾಚಿಕೊಂಡಿತ್ತು. ಅದರಲ್ಲಿ ಬಿರುಕೂ ಬಿಟ್ಟಿತ್ತು. ಅದನ್ನು ಮೊದಲು ಕೆಡವಬೇಕೆಂದರೆ ಕೆಲಸ ನಿಲ್ಲುತ್ತದೆ. ಕೆಲಸ ನಿಲ್ಲಿಸಲು ಖಣಿಯ ಸಾವ್ಕಾರನಿಗೆ ಮನಸ್ಸಿಲ್ಲ. ಅಂದು ಫೈಸಲಾ ಆಯಿತು: ಸೋಮವಾರ ಬೆಳಿಗ್ಗೆಯಿಂದ, ಆ ಪದರು ಕೆಡವುವ ತನಕ ಒಬ್ಬರೂ ಕೆಳಗಿಳಿಯುವುದಿಲ್ಲ. ಎಲ್ಲರ ಪರವಾಗಿ ಮಾತಾಡುವವಳು ಸುಂದರಮ್ಮ.

"ಅಕಿ ಏನು ಮಾತಾಡ್ತಾಳ, ಪುಸ್ತಕ ತಗದು ಓದಿಬಿಡ್ತಾಳ," ಎಂದ ಫರಸಿ ತಿದ್ದುವ ಜಿಲಾನಿ. "ಸಾವ್ಕಾರ ನಿದ್ದಿ ಹತ್ತಿ ಬಿದ್ದ ಅಂದ್ರ ನಮ್ಮ ಕೆಲಸ ಆತು."

ನಕ್ಕರು. ನಗುವಷ್ಟು ಧೈರ್ಯ ಅಂದು ಅವರಲ್ಲಿತ್ತು.

ಅಂದು ಸಂಜೆ ಸುದ್ದಿ ತಂದವನೂ ಅದೇ ಜಿಲಾನಿ. ಊರ ಟಾಕೀಜಿಗೆ ಇದೇ ಪುಸ್ತಕದ ಸಿನಿಮಾ ಬಂದಿದೆ, ಟಾಂಗಾದಲ್ಲಿ ಮೈಕು ಕಟ್ಟಿ ಸಾರುತ್ತಿದ್ದಾರೆ ಎಂದ. ಸುಂದರಮ್ಮನ ಮುಖ ಅರಳಿತು. ಕಿವಿಯಲ್ಲಿ ಕೇಳಿದ್ದನ್ನು ಕಣ್ಣಾರೆ ಕಂಡರೆ ಸೋಮವಾರ ಯಾರ ಕಾಲೂ ನಡುಗಲಿಕ್ಕಿಲ್ಲ ಎಂದುಕೊಂಡಳು. "ಬರ್ರಿ, ಎಲ್ಲಾರೂ ಕೂಡೇ ಹೋಗೋಣು. ನಮ್ಮ ತಿಪ್ಪವ್ವಗ ನೋಡೋಣು," ಎಂದು ತಾನೇ ಮನೆ ಮನೆಗೆ ಹೋಗಿ ಕರೆದಳು. ಆದಿತ್ಯವಾರ ಮಧ್ಯಾಹ್ನದ ಆಟಕ್ಕೆ ಅಗ್ಗದ ಟಿಕೀಟಿನ ಗಾಂಧಿ ಕ್ಲಾಸು ಖಣಿಯವರಿಂದಲೇ ತುಂಬಿತು.

ಪರದೆಯ ಮೇಲೆ ತಿಪ್ಪವ್ವ ಇರಲಿಲ್ಲ. ಚಂದ್ರಪ್ರಭೆ ಎಂಬೊಬ್ಬಳು ಇದ್ದಳು. ಹಾಲಿನ ಬಣ್ಣ, ಕೈತುಂಬ ಬಳೆ. ಕಲ್ಲು ಒಡೆದರೂ ಉಗುರಿನ ಬಣ್ಣ ಹೋಗದವಳು. ಕಲ್ಲು ಒಡೆಯುವವರು ಇದ್ದರು, ಅವಳು ಹಾಡುವಾಗ ಹಿಂದೆ ಕುಣಿಯುವುದಕ್ಕೆ. ಪಾತಾಳ ಮಾತ್ರ ಕಣ್ಣು ಕುಕ್ಕುವಂತಿತ್ತು. ಭೂತದ ಮೂರೂ ತಲೆಯಿಂದ ಬೆಂಕಿ ಬಂದಾಗ ಸೈದಾನಬಿ "ಯಾ ಅಲ್ಲಾ" ಎಂದು ಪಕ್ಕದವಳ ಕೈ ಹಿಡಿದಳು. ಏಳನೆಯ ಬಾಗಿಲು ಬಂತು. ಭೂತ ಕೇಳಿತು, ನೀನು ಯಾರ ಮಗಳು? ಗಾಳಿ ಬೀಸಿ ಚಂದ್ರಪ್ರಭೆಯ ಸೆರಗು ಜಾರಿತು. ಭುಜದ ಮೇಲೆ ಅರ್ಧಚಂದ್ರದ ಮಚ್ಚೆ. ಭೂತ ಮೂರೂ ತಲೆ ಬಾಗಿಸಿತು. ಅವಳು ಕಳೆದುಹೋಗಿದ್ದ ರಾಜಕುಮಾರಿ! ಬಾಗಿಲು ತಾನಾಗಿ ತೆರೆಯಿತು. ಸಾವಿರ ಜನ ಸುತ್ತಿಗೆ ಕೆಳಗಿಟ್ಟು ನೆಲಕ್ಕೆ ಹಣೆ ಹಚ್ಚಿದರು.

ಗಾಂಧಿ ಕ್ಲಾಸಿನಲ್ಲಿ ಸಿಳ್ಳೆ, ಚಪ್ಪಾಳೆ. ಜಿಲಾನಿ ಎದ್ದು ನಿಂತು ಟೋಪಿ ಹಾರಿಸಿದ. ತಮ್ಮನ್ನೇ ಮಂಡಿಯೂರಿಸಿದ ದೃಶ್ಯಕ್ಕೆ ಬಡವರು ಚಪ್ಪಾಳೆ ಹೊಡೆಯುವುದನ್ನು ಸುಂದರಮ್ಮ ಕತ್ತಲಲ್ಲಿ ಕೂತು ಕೇಳಿದಳು.

ಹೊರಗೆ ಬಂದ ಮೇಲೆ ಸೈದಾನಬಿಯೇ ಅವಳನ್ನು ತಡೆದಳು.

"ಸುಂದ್ರವ್ವಾ, ನೀ ಹಾಳಿ ಬಿಟ್ಟು ಓದೀದಿ ಏನು? ಮಚ್ಚಿ ಮಾತು ಎಲ್ಲಿ ಹೋತು?"

"ಪುಸ್ತಕದಾಗ ಮಚ್ಚಿ ಇಲ್ಲ ಖಾಲಾ. ಅವ್ರು ಕಥಿ ಕೆಡಿಸ್ಯಾರ."

"ಅಷ್ಟು ದೊಡ್ಡ ಭೂತ ಕಟ್ಟಿ ನಿಂದ್ರಿಸಿದವ್ರು ಸುಳ್ಳ್ಯಾಕ ಹೇಳ್ತಾರ? ನಮಗೇನು ಓದಲಿಕ್ಕೆ ಬರ್ತದೇನು, ನೀ ಅಂದದ್ದೇ ಖರೇ ಅಂತ ಕುಂತೀವಿ."

ಹಿಂದಿನಿಂದ ಯಾರೋ ಮೆಲ್ಲಗೆ ಅಂದರು: "ಸಾವ್ಕಾರನ ಮುಂದ ತಾನೇ ಮಾತಾಡಬೇಕು ಅಂತ ಅಕಿಗೆ ಮೊದಲಿಂದ ಆಸಿ ಇತ್ತು ನೋಡು, ಅದಕ್ಕ ಮಚ್ಚಿ ಮುಚ್ಚಿಟ್ಟಾಳ."

ಸುಂದರಮ್ಮ ಮನೆಗೆ ಓಡಿ ಪುಸ್ತಕ ತಂದಳು. ಎಲ್ಲರನ್ನೂ ಗುರುಲಿಂಗಯ್ಯ ಮಾಸ್ತರರ ಕಟ್ಟೆಗೆ ಕರೆದೊಯ್ದಳು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಮನುಷ್ಯ. ಅವರೂ ಬೆಳಗಿನ ಆಟ ನೋಡಿ ಬಂದಿದ್ದರು.

"ಈ ಹಾಳಿ ಜೋರಾಗಿ ಓದ್ರಿ ಮಾಸ್ತರ್ರ. ಒಂದಕ್ಷರ ಬಿಡಬ್ಯಾಡ್ರಿ."

ಮಾಸ್ತರರು ಚಷ್ಮಾ ಏರಿಸಿ ಓದಿದರು. ಗೊತ್ತಿಲ್ಲ, ಆದರೆ ಈ ಬಾಗಿಲು ಯಾವ ಕಲ್ಲಿನದೆಂದು ಗೊತ್ತು. ಸಾವಿರ ಸುತ್ತಿಗೆ, ಒಂದೇ ಏಟು. ಮಚ್ಚೆಯ ಸುದ್ದಿಯೇ ಇಲ್ಲ. ಸೈದಾನಬಿ ಸುಂದರಮ್ಮನ ಗದ್ದ ಹಿಡಿದು, "ತಪ್ಪಾತು ಬೇಟಿ," ಎಂದಳು. ಒಂದು ಗಳಿಗೆ ಸುಂದರಮ್ಮನಿಗೆ ಗೆದ್ದೆ ಎನಿಸಿತು.

ಮಾಸ್ತರರು ಪುಸ್ತಕ ಮುಚ್ಚಿದರು. "ಅಕಿ ಓದಿದ್ದು ಬರೋಬರಿ ಅದ. ತಪ್ಪು ಪುಸ್ತಕ ಬರದಾತಂದು. ಸಿನಿಮಾದವ್ರು ತಿದ್ದ್ಯಾರ. ನೀವೇ ಹೇಳ್ರಿ, ಕಲ್ಲು ಒಡಿಯೋಳು ಹೋಗಿ ರಾಜನ ಬಾಗಿಲು ಒಡದ್ಲು ಅಂದ್ರ ಯಾರು ನಂಬ್ತಾರ? ಕಥಿ ಅಂದ್ರೂ ನಂಬೋ ಹಂಗ ಇರಬೇಕಲ್ಲ."

"ಮೂರು ತೆಲಿ ಭೂತ ನಂಬ್ತೀರಿ," ಎಂದಳು ಸುಂದರಮ್ಮ. "ಕೊಡದಾಗ ಸೂರ್ಯ ಕುಂತದ್ದು ನಂಬ್ತೀರಿ. ನಾವು ಒಂದು ಬಾಗಿಲು ಒಡದದ್ದು ನಂಬಂಗಿಲ್ಲ?"

ಜಿಲಾನಿ ಗಡ್ಡ ಕೆರೆದುಕೊಂಡು, "ಖರೇ ಅಂದ್ರ ಮಾಸ್ತರ್ರ ಮಾತಿನಾಗ ತೂಕ ಅದ," ಎಂದ. ಅನುಮಾನ ಸುಂದರಮ್ಮನ ಮೇಲಿದ್ದರೆ ಅವಳು ಇನ್ನೊಂದು ಪುಟ ತೋರಿಸಿ ಗೆಲ್ಲಬಹುದಿತ್ತು. ಈಗ ಅನುಮಾನ ಅವರಿಗೆ ಅವರ ಮೇಲೆಯೇ. ಅದಕ್ಕೆ ತೋರಿಸಲು ಯಾವ ಪುಟ?

ಅಲ್ಲೇ, ಆ ಕಟ್ಟೆಯ ಮೇಲೆ, ಹೊಸ ಫೈಸಲಾ ಆಯಿತು. ಸುಂದರಮ್ಮ ಓದದೆ ಆದ ಮೊದಲ ಫೈಸಲಾ ಅದು. ಸಾವ್ಕಾರನ ಅಳಿಯ, 'ಸಣ್ಣ ಸಾವ್ಕಾರ' ನಾಗೇಂದ್ರಪ್ಪ ಹೈದರಾಬಾದಿನಲ್ಲಿ ಓದಿ ಬಂದವನು, ದನಿ ಮೆತ್ತಗೆ, ಬಡವರನ್ನು ಕಂಡರೆ 'ಏನ್ರಿ' ಅನ್ನುವವನು. ಅವನೇ ತಮ್ಮ ಪರ ಮಾತಾಡಲಿ.

"ದೊಡ್ಡ ಮನಿತನದವ್ರು ಆಡಿದ್ರ ಮಾತಿಗಿ ಕಿಮ್ಮತ್ತು," ಎಂದಳು ಸೈದಾನಬಿ. "ನೀ ಸಿಟ್ಟಾಗಬ್ಯಾಡ ಬೇಟಿ. ನಿನ್ನ ಬಾಯಿ ಸಣ್ಣದದ ಅಂತಲ್ಲ. ನಮ್ಮೆಲ್ಲಾರ್ದೂ ಸಣ್ಣದೇ ಅದ."

ಹೇಳಿ ಕಳಿಸಿದ್ದಕ್ಕೆ ಸೋಮವಾರ ನಾಗೇಂದ್ರಪ್ಪ ಫಟಫಟಿ ಮೋಟಾರ್ ಸೈಕಲ್ಲಿನ ಮೇಲೆ ಬಂದ. ಖಣಿಯ ಅಂಚಿನಲ್ಲಿ ನಿಂತು, ಕರಿ ಕನ್ನಡಕ ತೆಗೆದು, ಬಡಗಣ ಗೋಡೆಯನ್ನು ನೋಡಿದ. ಬಿರುಕು ಅಲ್ಲಿಂದಲೇ ಕಾಣುತ್ತಿತ್ತು.

"ಹೌದ್ರಿ, ಕೆಡವಬೇಕು ಅದನ್ನ," ಎಂದ. "ಮಾವನವರ ಕಿವಿಗಿ ಹಾಕ್ತೀನಿ. ನಾ ಅದೀನಲ್ಲ, ನೀವ್ಯಾಕ ಚಿಂತಿ ಮಾಡ್ತೀರಿ? ಈಗ ಇಳೀರಿ."

"ಕೆಡವಿದ ಮ್ಯಾಲ ಇಳೀತೀವ್ರಿ," ಎಂದಳು ಸುಂದರಮ್ಮ.

ಅವನು ಅವಳ ಕಡೆ ನೋಡಲೂ ಇಲ್ಲ. ನೋಡಿದವರು ಅವಳ ಜನವೇ. ಮದುವೆ ಮನೆಯಲ್ಲಿ ಹಿರಿಯರ ಮುಂದೆ ಮಾತಾಡಿದ ಹುಡುಗಿಯನ್ನು ನೋಡುವ ಹಾಗೆ. ಒಬ್ಬೊಬ್ಬರಾಗಿ ಬುಟ್ಟಿ ಎತ್ತಿಕೊಂಡರು. ನಾಮದೇವ ಹೆಂಡತಿಯ ಹತ್ತಿರ ಬಂದು, "ನೀ ಒಬ್ಬಾಕಿ ನಿಂತ್ರ ಹುಚ್ಚಿ ಅಂತಾರ, ಬಾ," ಎಂದ. ಅವಳು ಬರಲಿಲ್ಲ. ಅವನು ಇಳಿದ.

ಅಂದು ಮೇಲೆಯೇ ನಿಂತಳು. ಮರುದಿನವೂ, ಅದರ ಮರುದಿನವೂ ನಿಂತಳು. ಕೆಳಗಿನಿಂದ ಸಿನಿಮಾದ ಹಾಡು ಕೇಳಿಬರುತ್ತಿತ್ತು; ಊಟದ ಹೊತ್ತಿಗೆ ಮೇಲೆ ಬಂದವರು ಅವಳನ್ನು ಮಾತಾಡಿಸಿದರು, ರೊಟ್ಟಿ ಕೊಟ್ಟರು, ಓದು ಎಂದು ಮಾತ್ರ ಯಾರೂ ಅನ್ನಲಿಲ್ಲ. ನಾಗೇಂದ್ರಪ್ಪ ಮಾವನ ಕಿವಿಗೆ ಹಾಕಿದನೋ ಇಲ್ಲವೋ, ಅವನು ಹೈದರಾಬಾದಿಗೆ ಹೋಗಿದ್ದಾನೆಂಬ ಸುದ್ದಿ ಬಂತು.

ಗುರುವಾರ ಬೆಳಿಗ್ಗೆ ಬಡಗಣ ಗೋಡೆಯ ಮೇಲಿನ ಪದರು ಅರ್ಧ ಕಳಚಿ ಬಿತ್ತು. ಸದ್ದು ದೊಡ್ಡದೇನಲ್ಲ, ಬಂಡಿಯಿಂದ ಫರಸಿ ಸುರಿದಂತೆ. ಧೂಳು ಇಳಿದ ಮೇಲೆ ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗಿದರು. ನಾಮದೇವ ಓಗೊಟ್ಟ. ಜಿಲಾನಿ ಓಗೊಟ್ಟ. ಸೈದಾನಬಿ ಓಗೊಡಲಿಲ್ಲ.

ಸಾವ್ಕಾರನ ಕಡೆಯವರು ಬಂದು ಮೇಲೆ ನಿಂತರು. ಮಿಕ್ಕ ಅರ್ಧ ಇನ್ನೂ ಜೋತಾಡುತ್ತಿರುವುದನ್ನು ನೋಡಿ ಅವರಲ್ಲಿ ಒಬ್ಬನೂ ಕೆಳಗಿಳಿಯಲಿಲ್ಲ. ಜಿಲಾನಿ ಮೇಲೆ ಓಡಿ ಬಂದು ಸುಂದರಮ್ಮನ ಮುಂದೆ ಕುಸಿದ. ತಲೆಯಿಂದ ರಕ್ತ ಇಳಿಯುತ್ತಿತ್ತು.

"ಸಣ್ಣ ಸಾವ್ಕಾರ್ರು ಊರಾಗ ಇರಬೇಕಾಗಿತ್ತವ್ವಾ," ಎಂದು ಅತ್ತ. "ಅವ್ರು ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ."

ಸುಂದರಮ್ಮ ಅವನ ಮುಖವನ್ನೇ ನೋಡಿದಳು. ಅವನು ಅದನ್ನು ಮನಸಾರೆ ಹೇಳುತ್ತಿದ್ದ. ಅವನ ಹಿಂದೆ ಮೇಲೆ ಓಡಿ ಬಂದವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಕೆಳಗೆ ನಾಮದೇವ ಬರಿಗೈಯಲ್ಲಿ ಕಲ್ಲು ಎತ್ತಿ ಹಾಕುತ್ತ, ಇನ್ನೂ ನಾಲ್ಕು ಕೈ ಬೇಕು ಎಂದು ಕೂಗುತ್ತಿದ್ದ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದಳು. ಹಿಂದೆಯೇ ಉಳಿದ ಕೆಲಸದವರೂ ಇಳಿದರು, ಎಲ್ಲರೂ, ಆ ಬಿರುಕಿನ ಕೆಳಗೆ.