ಆಗರದ ಬಂದರು

ನಮ್ಮ ಮನೆಯವರು, ಡ್ರಾಯಿಂಗ್ ಮೇಷ್ಟ್ರು ವೆಂಕಟಾಚಲ, ಸಮುದ್ರ ನೋಡಿದವರಲ್ಲ. ಆದರೂ 1963ರ ಹೊತ್ತಿಗೆ ಜಯನಗರದ ನಮ್ಮ ಎರಡು ಕೋಣೆಯ ಮನೆಯಲ್ಲಿ ಇಪ್ಪತ್ತೆರಡು ಸಮುದ್ರಗಳಿದ್ದವು. ಮಂಚದ ಕೆಳಗೆ ಆರು, ಅಕ್ಕಿ ಡಬ್ಬದ ಹಿಂದೆ ನಾಲ್ಕು, ಮಿಕ್ಕವು ಗೋಡೆಗೆ ಒರಗಿದ್ದವು. ಎಲ್ಲದರಲ್ಲೂ ಮುನ್ನೂರು ವರ್ಷದ ಹಿಂದಿನ ಬಂದರು, ಹಾಯಿ ಹಡಗು, ಉಪ್ಪಿನ ರಾಶಿ. ಅಲೆ ಹೇಗಿರುತ್ತದೆಂದು ನೋಡಲು ಇವರು ಭಾನುವಾರ ಸೈಕಲ್ ತುಳಿದುಕೊಂಡು ಮಡಿವಾಳದ ಆಚೆಯ ಕೆರೆಗೆ ಹೋಗುತ್ತಿದ್ದರು. ಅಷ್ಟು ಸಾಕಂತೆ.

ಇಷ್ಟಕ್ಕೆಲ್ಲ ಕಾರಣ ಒಂದು ಮಾತು. ಇವರಿಗೆ ಆರು ವರ್ಷವಿದ್ದಾಗ ತೀರಿಕೊಂಡ ನಮ್ಮ ಮಾವ, "ನಾವು ಆಗರದವರು" ಎಂದಿದ್ದರಂತೆ. ದೊಡ್ಡವರಾದ ಮೇಲೆ ಇವರು ನಿಘಂಟು ತೆಗೆದರು. ಆಗರ ಎಂದರೆ ಸಮುದ್ರದ ನೀರು ಕಟ್ಟಿ ಉಪ್ಪು ತೆಗೆಯುವ ಜಾಗ. ಮುಗಿಯಿತು, ನಾವು ಕರಾವಳಿಯ ಉಪ್ಪಿನ ವ್ಯಾಪಾರಿಗಳು, ಹಡಗಿನ ಒಡೆಯರು. ಮಾವನ ಹೆಸರು ತಿಮ್ಮರಾಯಪ್ಪ. ಕರಾವಳಿಯಲ್ಲಿ ಆ ಹೆಸರು ಇಡುತ್ತಾರೆಯೇ ಎಂದು ಕೇಳಿದ್ದಕ್ಕೆ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು. ತಾಯಿ ಇನ್ನೂ ಮೊದಲೇ ತೀರಿಕೊಂಡು, ತಂದೆಯ ಕಡೆಯ ಒಬ್ಬ ನೆಂಟನೂ ಇಲ್ಲದ ಮನುಷ್ಯ. ನನ್ನದು ಎಂದು ಹೇಳಿಕೊಳ್ಳಲು ಅವರಿಗಿದ್ದದ್ದು ಆ ಸಮುದ್ರವೊಂದೇ. ನಾನು ಮತ್ತೆ ಕೇಳಲಿಲ್ಲ.

ಆ ವರ್ಷ ಸ್ಕೂಲಿನ ಹಾಲಿನಲ್ಲಿ ಚಿತ್ರಗಳನ್ನು ಪ್ರದರ್ಶನಕ್ಕಿಡಲು ಹೆಡ್‌ಮಾಸ್ಟರು ಒಪ್ಪಿದರು. "ನನ್ನ ಪೂರ್ವಜರ ಬಂದರು" ಎಂದು ಕಾರ್ಡು ಅಚ್ಚಾಗಿ, ಊರಿಗೆಲ್ಲ ಹಂಚಿಯೂ ಆಯಿತು.

ಇನ್ನೆರಡು ದಿನವಿದೆ ಅನ್ನುವಾಗ ಸೊಪ್ಪು ಮಾರುವ ಮುದುಕಿ ಮುನಿವೆಂಕಟಮ್ಮ ಬಂದಳು. ದಿನಾ ಬರುತ್ತಿದ್ದ ಸೊಸೆಗೆ ಜ್ವರವಂತೆ. ಪಡಸಾಲೆಯಲ್ಲಿ ಒಣಗಲು ಇಟ್ಟಿದ್ದ ದೊಡ್ಡ ಚಿತ್ರ ಕಂಡು ಬುಟ್ಟಿ ಇಳಿಸಿದಳು.

"ಅಯ್, ನಮ್ ಕೆರೆ! ತೂಬಿನ್ ಕಲ್ಲು ಎಂಗ್ ಬರ್ದವ್ರೆ ನೋಡು."

ಇವರು ಒಳಗಿನಿಂದ ಬಂದರು. "ಅದು ಹಡಗು ಕಟ್ಟೋ ಕಂಬ, ಅಜ್ಜಿ. ಇದು ಸಮುದ್ರ."

"ಬುಡಪ್ಪ, ಉಟ್ಟಿದಾಗ್ನಿಂದ ನೋಡಿವ್ನಿ. ಅಗರದ್ ಕೆರೆ ನಂಗೊತ್ತಿಲ್ವಾ?" ಎಂದವಳ ಕಣ್ಣು ಗೋಡೆಯ ಮೇಲಿದ್ದ ಮಾವನ ಫೋಟೋಗೆ ಹೋಯಿತು. "ಇವ್ನು ತಿಮ್ಮರಾಯಿ ಅಲ್ವಾ? ನೀರಗಂಟಿ ಚಿಕ್ಕಬೈರಪ್ಪನ್ ಮಗ. ಪಟ್ಣದಾಗೆ ಕೆಲ್ಸ ಸಿಕ್ಕಿದ್ಮ್ಯಾಕೆ ಅಗರದ್ ಕಡೆ ತಲೇನೂ ಆಕ್ಲಿಲ್ಲ."

ನೀರಗಂಟಿ ಎಂದರೆ ತೂಬು ತೆಗೆದು ಮುಚ್ಚಿ, ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವವನು. ಅಗರ ನಮ್ಮ ಮನೆಗೆ ಮೂರು ಮೈಲಿ; ಇವರು ಊರಿನ ಹೆಸರೂ ಕೇಳದೆ ಭಾನುವಾರ ಅಲೆ ನೋಡಿಬರುತ್ತಿದ್ದ ಕೆರೆ ಅದೇ. ಮಾವ ಹೇಳಿದ್ದು ಅಗರ, ಆರು ವರ್ಷದ ಮಗ ಕೇಳಿಸಿಕೊಂಡದ್ದು ಆಗರ. ಒಂದು ದೀರ್ಘದ ಮೇಲೆ ಇಪ್ಪತ್ತೆರಡು ಸಮುದ್ರಗಳು ನಿಂತಿದ್ದವು. ಮದುವೆಯಾದ ಹನ್ನೊಂದು ವರ್ಷವೂ ಒಳಗೊಳಗೇ ನಕ್ಕ ನನಗೆ ಅವತ್ತು ನಗು ಬರಲಿಲ್ಲ. ಪಾಪ ಅನ್ನಿಸಿತು.

ಇವರು ಬುಟ್ಟಿಯ ಪಕ್ಕ ಕುಕ್ಕರಿಸಿ ಕೇಳಿದರು. "ನಮ್ಮ ತಾತನ್ನ ನೀವು ನೋಡಿದೀರಾ?"

"ನೋಡ್ದೆ ಏನು? ಗೌಡ್ರೇ ಬಂದು ನಿಂತ್ರೂ ಸರದಿ ತಪ್ಸಿ ಒಂದ್ ತೊಟ್ಟು ನೀರು ಬುಡ್ತಿರ್ಲಿಲ್ಲ ಕಣಪ್ಪ."

ಅವಳು ಹೋದ ಮೇಲೆ ನಾನೇ ಹೇಳಿದೆ. "ಕಾರ್ಡು ಹಂಚಾಗಿದೆ. ಯಾರ್ಗೂ ಹೇಳೋದು ಬೇಡ ಬಿಡಿ. ಉಪ್ಪಿನ ಆಗರ ಅಂತಾನೇ ಇರ್ಲಿ." ಇವರು ದೊಡ್ಡ ಚಿತ್ರವನ್ನು ಬೆಳಕಿಗೆ ತಿರುಗಿಸಿಕೊಂಡು ಅದರ ಮುಂದೆ ಕೂತರು. ಅವತ್ತು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಭಾನುವಾರ ಸ್ಕೂಲಿನ ಹಾಲ್ ಜನರಿಂದ ತುಂಬಿತ್ತು. ರಿಟೈರಾದ ಇಂಜಿನಿಯರು ಗುರುಶಾಂತಪ್ಪನವರು ದೊಡ್ಡ ಚಿತ್ರದ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಯಾವ ಬಂದರು ಮೇಷ್ಟ್ರೇ? ಹೊನ್ನಾವರವಾ?" ಎಂದರು.

ಹೂಂ ಅಂದುಬಿಡಲಿ ದೇವರೇ ಎಂದುಕೊಂಡೆ.

"ಅಲ್ಲ ಸಾರ್. ಅಗರ. ಇಲ್ಲೇ ಮಡಿವಾಳ ದಾಟಿದ್ರೆ ಸಿಗುತ್ತೆ. ನಮ್ಮ ತಾತ ಚಿಕ್ಕಬೈರಪ್ಪ ಅಲ್ಲಿ ನೀರಗಂಟಿ ಆಗಿದ್ರು."

ಹಿಂದೆ ಯಾರೋ ಕಿಸಕ್ಕೆಂದರು. ಗುರುಶಾಂತಪ್ಪನವರು ಕನ್ನಡಕ ಸರಿಮಾಡಿಕೊಂಡು ಚಿತ್ರ ನೋಡಿದರು, ಇವರನ್ನು ನೋಡಿದರು. "ಅಲ್ಲೆಲ್ಲಿತ್ತು ಹಡಗು?"

ಇವರ ಕಿವಿ ಕೆಂಪಾಗಿತ್ತು.

"ಹಡಗು ನಂದು ಸಾರ್. ನೀರು ನಮ್ಮ ತಾತಂದು."